ಎತ್ತರವೆಷ್ಟೆಂದು ಕೆನ್ನೆಯನ್ನು ಕೇಳು

ಏರ್ ರೈಫಲ್‌ಗೆ ಸ್ಕೋಪ್ ಹಾಕಿಸಿರುವ ದೊಡ್ಡಬಳ್ಳಾಪುರದ ಹುಡುಗನಿಗೊಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಾ,

ನಿನ್ನ ಹೆಸರು ನನಗೆ ಗೊತ್ತಿಲ್ಲ. ಹೋದ ತಿಂಗಳು ದೊಡ್ಡಬಳ್ಳಾಪುರ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ನೀನು ಗೆಳೆಯನಿಗೆ ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದೆ. ಹೊಸ ಏರ್ ರೈಫಲ್, ಅದರ ಮೇಲೊಂದು ಸ್ಕೋಪು, ಎರಡರ ನಡುವೆ ಹೆಬ್ಬೆರಳು ಸಲೀಸಾಗಿ ತೂರುವಷ್ಟು ಸಂದು. “ಹೈ ಮೌಂಟ್ ಹಾಕ್ಸಿದೀನಿ ಮಗಾ, ಗತ್ತೇ ಬೇರೆ” ಅಂದೆ. ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ, “ಆದ್ರೆ ನಿನ್ನೆ ಬಿದ್ದ ಜಾಗಕ್ಕೆ ಇವತ್ತು ಬೀಳಲ್ಲ ಕಣೋ, ಸ್ಕೋಪು ಡೂಪ್ಲಿಕೇಟ್ ಇರ್ಬೇಕು, ಮಾರ್‌ಬಿಡ್ತೀನಿ” ಅಂದೆ. ಅಷ್ಟರಲ್ಲಿ ಘಾಟಿ ಬಸ್ ಬಂತು. ಇಬ್ಬರೂ ಹತ್ತಿ ಹೋದಿರಿ.

ಆಗಲೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಆ ಕೊರಗು ಇನ್ನೂ ಇದೆ. ತಮ್ಮಾ, ಆ ಸ್ಕೋಪನ್ನು ಈಗಲೇ ಮಾರಬೇಡ. ತಪ್ಪು ಅದರದ್ದಾಗಿರಲಿಕ್ಕಿಲ್ಲ, ಅದನ್ನು ಕೂರಿಸಿದ ಎತ್ತರದ್ದಾಗಿರಬಹುದು. ನಿನ್ನಂಥ ಹುಡುಗರು ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಲ್ಲೂ ಇದ್ದಾರೆ. ಯಾರಾದರೊಬ್ಬರ ಕಣ್ಣಿಗೆ ಬಿದ್ದು ನಿನಗೂ ತಲುಪಲಿ ಅಂತ ಎಲ್ಲರೆದುರು ಬರೆಯುತ್ತಿದ್ದೇನೆ.

ನನಗೂ ಹೀಗೇ ಆಗಿತ್ತು. ಮುಂದಿನ ಗಾಜು 50 ಮಿ.ಮೀ. ಇರುವ ದೊಡ್ಡ ಸ್ಕೋಪು ಕೊಂಡೆ. ದೊಡ್ಡ ಗಾಜಿಗೆ, ಸ್ಕೋಪನ್ನು ಬಂದೂಕಿಗೆ ಹಿಡಿದಿಡುವ ರಿಂಗು ಎತ್ತರದ್ದೇ ಬೇಕು ಅಂತ ಅಂಗಡಿಯಲ್ಲಿ ಹೇಳಿದರು, ಅವರೇ ಕೂರಿಸಿಯೂ ಕೊಟ್ಟರು. ಮೂರು ತಿಂಗಳು ಒದ್ದಾಡಿದೆ. ಬೆಳಿಗ್ಗೆ ಐದು ಗುಂಡು ಒಂದು ರೂಪಾಯಿ ಬಿಲ್ಲೆಯೊಳಗೆ ಬಿದ್ದರೆ, ಸಾಯಂಕಾಲ ಅದೇ ಐದು ಅಂಗೈಯಗಲ ಹರಡುತ್ತಿದ್ದವು. ಪೆಲೆಟ್ ಬದಲಿಸಿದೆ, ಸ್ಪ್ರಿಂಗ್ ಬದಲಿಸಿದೆ, ಗಾಳಿಯನ್ನೂ ಬೈದೆ. ಒಂದು ಭಾನುವಾರ, ಸೈನ್ಯದಿಂದ ನಿವೃತ್ತರಾಗಿದ್ದ ನಮ್ಮ ಭಾವ ತೋಟಕ್ಕೆ ಬಂದರು. ಖಾಲಿ ಬಂದೂಕು ಹಿಡಿದು ಗುರಿ ನೋಡು ಅಂದರು. ನೋಡಿದೆ. ಅವರು ಪಕ್ಕಕ್ಕೆ ಬಂದು ನನ್ನ ಕೆನ್ನೆಗೂ ಮರದ ಸ್ಟಾಕಿಗೂ ನಡುವೆ ಎರಡು ಬೆರಳು ತೂರಿಸಿದರು. ಸಲೀಸಾಗಿ ಹೋದವು. “ಗದ್ದ ಊರಿಕೊಂಡು ಹೊಡೀತಿದ್ದೀಯಲ್ಲಯ್ಯಾ, ಕೆನ್ನೆ ಎಲ್ಲಿ ಕೂತಿದೆ?” ಅಂದರು. ಮತ್ತೇನೂ ಹೇಳಲಿಲ್ಲ.

ನಾನು ಈ ಪತ್ರದಲ್ಲಿ ಹೇಳಹೊರಟಿರುವುದೂ ಆ ಎರಡು ಬೆರಳಿನ ಸಂದಿನ ವಿಷಯವೇ.

ಪುಷ್ಯ ಮಾಸದಲ್ಲಿ ಘಾಟಿ ಸುಬ್ರಹ್ಮಣ್ಯ ಜಾತ್ರೆಗೆ ಹೋದಾಗ ಬಲೂನು ಅಂಗಡಿಯ ಮುಂದೆ ನಿಂತಿರುತ್ತೀಯ. ಅಲ್ಲಿನ ಬಂದೂಕಿಗೆ ಸ್ಕೋಪಿಲ್ಲ. ಹಿಂದೆ ಒಂದು ಕಚ್ಚು, ಮುಂದೆ ಒಂದು ಮೊನೆ, ಎರಡೂ ಬ್ಯಾರಲ್ಲಿಗೆ ಅಂಟಿಕೊಂಡಂತೆಯೇ ಇರುತ್ತವೆ. ಕಣ್ಣಿನ ಗೆರೆಗೂ ಗುಂಡು ಹೊರಡುವ ಗೆರೆಗೂ ಹೆಚ್ಚು ಅಂತರವಿಲ್ಲ. ಆ ಬಂದೂಕಿನ ಸ್ಟಾಕನ್ನು ಕೆತ್ತಿರುವುದೂ ಆ ತಗ್ಗಿದ ಗೆರೆಗೇ. ಕೆನ್ನೆ ಇಟ್ಟರೆ ಕಣ್ಣು ತಾನಾಗಿ ಆ ಕಚ್ಚಿಗೆ ಸರಿಯಾಗಿ ಬರುತ್ತದೆ. ನಮ್ಮಲ್ಲಿ ಮಾರಾಟವಾಗುವ ಸಾಧಾರಣ ಏರ್ ರೈಫಲ್‌ಗಳ ಸ್ಟಾಕೂ ಬಹಳಷ್ಟು ಹೀಗೇ ಇದೆ. ಅದರ ಮೇಲೆ ಸ್ಕೋಪು ಕೂರಿಸಿದ ತಕ್ಷಣ ಕಣ್ಣು ನೋಡಬೇಕಾದ ಜಾಗ ಮೇಲಕ್ಕೇರುತ್ತದೆ, ಸ್ಟಾಕು ಇದ್ದಲ್ಲೇ ಇರುತ್ತದೆ. ಎತ್ತರದ ರಿಂಗ್ ಹಾಕಿದರೆ ಇನ್ನೂ ಮೇಲೆ. ಆಗ ಕೆನ್ನೆ ಮರ ಬಿಡುತ್ತದೆ, ತಲೆ ಗಾಳಿಯಲ್ಲಿ ತೂಗುತ್ತದೆ.

ತಲೆ ತೂಗಿದರೆ ಆಗುವುದೇನು? ಕಣ್ಣು ಸರಿದಂತೆ ಸ್ಕೋಪಿನೊಳಗಿನ ಕ್ರಾಸ್ ಗೆರೆಯೂ ಗುರಿಯ ಮೇಲಿಂದ ಸರಿದಂತೆ ಕಾಣುತ್ತದೆ. ಇದಕ್ಕೆ ಪ್ಯಾರಲಾಕ್ಸ್ ಅನ್ನುತ್ತಾರೆ. ಪರೀಕ್ಷೆ ಸುಲಭ. ಬಂದೂಕಿನಲ್ಲಿ ಪೆಲೆಟ್ ಇಲ್ಲ ಅನ್ನುವುದನ್ನು ಎರಡು ಸಲ ನೋಡಿಕೊಂಡು, ಎರಡು ಮರಳು ಚೀಲದ ಮೇಲೆ ಅಲುಗದ ಹಾಗೆ ಇಡು. ಹತ್ತು ಮೀಟರ್ ದೂರದ ಕಾಗದದ ಚುಕ್ಕೆಗೆ ಕ್ರಾಸ್ ಹೊಂದಿಸು. ಈಗ ಬಂದೂಕು ಮುಟ್ಟದೆ ತಲೆಯನ್ನು ಮಾತ್ರ ಮೇಲೆ ಕೆಳಗೆ, ಆ ಕಡೆ ಈ ಕಡೆ ಸ್ವಲ್ಪ ಸರಿಸು. ಕ್ರಾಸ್ ಚುಕ್ಕೆಯನ್ನು ಬಿಟ್ಟು ತೇಲಿಹೋಗುವುದು ಕಾಣುತ್ತದೆ. ಬಂದೂಕು ಅಲುಗಿಲ್ಲ, ಗುರಿ ಅಲುಗಿಲ್ಲ, ಅಲುಗಿದ್ದು ನಿನ್ನ ಕಣ್ಣು. ದೊಡ್ಡ ಬಂದೂಕಿಗೆಂದು ಮಾಡಿದ ಎಷ್ಟೋ ಸ್ಕೋಪುಗಳನ್ನು 100 ಗಜಕ್ಕೆ ಹೊಂದಿಸಿರುತ್ತಾರೆ. 10 ಮೀಟರಿನಲ್ಲಿ ಅವು ಹೀಗೆ ತೇಲುವುದು ಸಹಜ. ಮುಂದಿನ ಗಾಜಿನ ಸುತ್ತ ಅಥವಾ ಪಕ್ಕದಲ್ಲಿ ದೂರ ಹೊಂದಿಸುವ ಚಕ್ರವಿದ್ದು, ಅದು 10 ಮೀಟರಿನವರೆಗೂ ಇಳಿಯುವಂತಿದ್ದರೆ ಈ ತೇಲಾಟ ಬಹಳ ಕಡಿಮೆಯಾಗುತ್ತದೆ. ಚಕ್ರವಿಲ್ಲದಿದ್ದರೆ ಕಣ್ಣು ಪ್ರತಿ ಸಲವೂ ಒಂದೇ ಜಾಗಕ್ಕೆ ಬರಬೇಕು. ಹಾಗೆ ಬರಿಸುವುದು ಕೆನ್ನೆ ಒಂದೇ. ನಿನ್ನೆ ಬಿದ್ದ ಜಾಗಕ್ಕೆ ಇವತ್ತು ಬೀಳಲಿಲ್ಲ ಅಂದೆಯಲ್ಲ, ನಿನ್ನೆ ನಿನ್ನ ಗದ್ದ ಕೂತ ಜಾಗದಲ್ಲಿ ಇವತ್ತು ಕೂತಿರಲಿಲ್ಲ ಅನ್ನುವುದೇ ನನ್ನ ಅನುಮಾನ.

ಇನ್ನು ಗುಂಡಿನ ದಾರಿ. ಗುಂಡು ಬ್ಯಾರಲ್ ಬಿಟ್ಟಮೇಲೆ ಮೇಲೇರಿ ಇಳಿಯುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಬ್ಯಾರಲ್ಲಿನ ಗೆರೆಯಿಂದ ಮೇಲಕ್ಕೆ ಅದು ಏಳುವುದೇ ಇಲ್ಲ, ಬಾಯಿ ಬಿಟ್ಟ ಕ್ಷಣದಿಂದ ಬೀಳುತ್ತಲೇ ಇರುತ್ತದೆ. ಸ್ಕೋಪಿನ ಗೆರೆ ಬ್ಯಾರಲ್ಲಿಗಿಂತ ಮೇಲಿರುವುದರಿಂದ ನಾವು ಬ್ಯಾರಲ್ಲಿನ ಮೂತಿಯನ್ನು ತುಸು ಮೇಲಕ್ಕೆ ತಿರುಗಿಸಿ ಎರಡು ಗೆರೆಗಳನ್ನು ಒಂದು ದೂರದಲ್ಲಿ ಸೇರಿಸುತ್ತೇವೆ. ಆ ದೂರಕ್ಕೆ ಝೀರೋ ಅನ್ನುತ್ತೇವೆ. ಸ್ಕೋಪು ಎತ್ತರವಾದಷ್ಟೂ ಹತ್ತಿರದ ಗುರಿಯಲ್ಲಿ ಗುಂಡು ಹೆಚ್ಚು ಕೆಳಗೆ ಬೀಳುತ್ತದೆ.

ಬಾಯಿ ಮಾತು ಬೇಡ, ಲೆಕ್ಕ ನೋಡು. ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಹೊರಡುವ .177 ಇಂಚಿನ ಪೆಲೆಟ್ ತಗೋ, 20 ಮೀಟರಿಗೆ ಝೀರೋ ಮಾಡು. ಬ್ಯಾರಲ್ಲಿನ ನಡುವಿನಿಂದ ಸ್ಕೋಪಿನ ನಡುವಿನವರೆಗೆ 4 ಸೆಂ.ಮೀ. ಇದ್ದರೆ 10 ಮೀಟರಿನಲ್ಲಿ ಗುಂಡು ಸುಮಾರು ಅರ್ಧ ಸೆಂ.ಮೀ. ಕೆಳಗೆ ಬೀಳುತ್ತದೆ. ಅದೇ ಅಂತರ 6 ಸೆಂ.ಮೀ. ಆದರೆ ಒಂದೂವರೆ ಸೆಂ.ಮೀ. ಕೆಳಗೆ. 5 ಮೀಟರಿಗೆ ಬಂದರೆ ಮೊದಲನೆಯದು ಎರಡು, ಎರಡನೆಯದು ಮೂರೂವರೆ ಸೆಂ.ಮೀ. ಹತ್ತಿರ ಕೆಳಗೆ. ಹಾಗಂತ ಎತ್ತರದ ಮೌಂಟಿಗೆ ಅನ್ಯಾಯ ಮಾಡಲಾರೆ. 30 ಮೀಟರಿನಲ್ಲಿ ತಗ್ಗಿನ ಸ್ಕೋಪಿನ ಗುಂಡು ಸುಮಾರು ಮೂರು ಸೆಂ.ಮೀ. ಕೆಳಗಿದ್ದರೆ ಎತ್ತರದ್ದು ಎರಡೇ ಸೆಂ.ಮೀ. ಕೆಳಗಿರುತ್ತದೆ. ದೂರ ಹೊಡೆಯುವವರು ಎತ್ತರದ ಮೌಂಟನ್ನು ಬೇಕೆಂದೇ ಹಾಕಿಸಿಕೊಳ್ಳುವುದು ಇದಕ್ಕೆ. ಆದರೆ ನಿನ್ನ ಮನೆ ಹಿಂದಿನ ಜಾಗ ಎಷ್ಟು ಉದ್ದ? ಹತ್ತು, ಹದಿನೈದು ಮೀಟರ್ ಇದ್ದರೆ ಹೆಚ್ಚು. ಆ ಜಾಗಕ್ಕೆ ಎತ್ತರದಿಂದ ಲಾಭವಿಲ್ಲ.

ಇನ್ನೊಂದು ಮಾತು ಕೇಳಿರುತ್ತೀಯ. ಸ್ಕೋಪು ಎತ್ತರವಾದಷ್ಟೂ ಬಂದೂಕು ವಾಲಿದಾಗಿನ ತಪ್ಪು ಹೆಚ್ಚು ಅಂತ. ಲೆಕ್ಕ ಹಾಕಿ ನೋಡಿದರೆ ಝೀರೋ ಮಾಡಿದ ದೂರದಲ್ಲಿ ಈ ಮಾತು ನಿಲ್ಲುವುದಿಲ್ಲ. ಬಂದೂಕು 5 ಡಿಗ್ರಿ ವಾಲಿದರೆ 20 ಮೀಟರಿನಲ್ಲಿ ಗುಂಡು ಅರ್ಧ ಸೆಂ.ಮೀ.ನಷ್ಟು ಪಕ್ಕಕ್ಕೆ ಹೋಗುತ್ತದೆ, ಸ್ಕೋಪು 4 ಸೆಂ.ಮೀ. ಎತ್ತರದಲ್ಲಿರಲಿ 6ರಲ್ಲಿರಲಿ. ಕೆನ್ನೆಗೆ ಆಸರೆ ಇಲ್ಲದವನು ಬಂದೂಕನ್ನು ಹೆಚ್ಚು ವಾಲಿಸುತ್ತಾನೆ, ಅದು ಬೇರೆ ಮಾತು. ಸುತ್ತಿ ಬಳಸಿ ಮತ್ತೆ ಕೆನ್ನೆಗೇ ಬಂದೆವು ನೋಡು.

ಹಾಗಾದರೆ ಎಷ್ಟು ಎತ್ತರ ಬೇಕು? ಯಾವುದಾದರೂ ಲೇತ್ ಅಂಗಡಿಗೆ ಹೋಗಿ ವರ್ನಿಯರ್ ಕೇಳು, ಇಲ್ಲ ಅನ್ನುವುದಿಲ್ಲ. ಸ್ಕೋಪಿನ ಮುಂದಿನ ಅಗಲ ಬಾಯಿಯನ್ನು ಹೊರಗಿನಿಂದ ಅಳೆ. 40 ಮಿ.ಮೀ. ಅಂತ ಬರೆದಿರುವುದು ಗಾಜಿನ ಅಳತೆ, ಹೊರಗಿನ ಲೋಹ ಸೇರಿದರೆ 48ರ ಆಸುಪಾಸು ಬರುತ್ತದೆ. ಅದರ ಅರ್ಧ 24. ಸ್ಕೋಪಿನ ಬಾಯಿ ಬಂದೂಕಿನ ಮೈಗೆ ತಾಗಬಾರದು, ಸ್ಪ್ರಿಂಗ್ ಬಂದೂಕು ಹೊಡೆದಾಗ ಮೈ ಅದುರುತ್ತದೆ, ಅದಕ್ಕೆ 2 ಮಿ.ಮೀ. ಬಿಡು. ಒಟ್ಟು 26. ಬಂದೂಕಿನ ಮೈಮೇಲೆ ರಿಂಗು ಕೂರುವ ರೈಲಿನಿಂದ ಸ್ಕೋಪಿನ ನಡುವಿನವರೆಗೆ ಬೇಕಾದ ಕನಿಷ್ಠ ಎತ್ತರ ಅದು. ಸ್ಕೋಪಿನ ಕೊಳವೆ ಒಂದು ಇಂಚಿನದಾದರೆ, ಅಂದರೆ 25.4 ಮಿ.ಮೀ., ಅದರ ಅರ್ಧ 12.7 ಕಳೆ. ಉಳಿದ 13 ಚಿಲ್ಲರೆ ಮಿ.ಮೀ. ರಿಂಗಿನ ತಳದಿಂದ ಕೊಳವೆಯ ತಳಕ್ಕೆ ಬೇಕಾದ ಎತ್ತರ. ಡಬ್ಬದ ಮೇಲೆ ಬರೆದಿರುವ ಲೋ, ಮೀಡಿಯಂ, ಹೈ ಅನ್ನುವ ಮಾತು ನಂಬಬೇಡ. ಒಬ್ಬ ತಯಾರಕನ ಮೀಡಿಯಂ ಇನ್ನೊಬ್ಬನ ಹೈ. ಮಿಲಿಮೀಟರ್ ಕೇಳು. ಕೆಲವರು ತಳದಿಂದ ಕೊಳವೆಯ ನಡುವಿಗೆ ಅಳೆದು ಹೇಳುತ್ತಾರೆ, ಕೆಲವರು ಕೊಳವೆಯ ತಳಕ್ಕೆ. ಯಾವುದು ಅಂತಲೂ ಕೇಳು.

ರೈಲಿನ ಅಗಲವನ್ನೂ ನೋಡಿಕೋ. ಏರ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 11 ಮಿ.ಮೀ. ಅಗಲದ ಡವ್‌ಟೇಲ್ ರೈಲು, ಪಿಕಾಟಿನ್ನಿ ರೈಲು 21 ಮಿ.ಮೀ. ಇರುತ್ತದೆ. ಒಂದರ ರಿಂಗು ಇನ್ನೊಂದಕ್ಕೆ ಕೂರುವುದಿಲ್ಲ. ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಪಿಸಿಪಿ ಬಂದೂಕಾದರೆ ಪೆಲೆಟ್ ತುಂಬಿದ ಮ್ಯಾಗಜಿನ್ ಎಷ್ಟೋ ಸಲ ಮೇಲಕ್ಕೆ ತಲೆ ಎತ್ತಿರುತ್ತದೆ. ಸ್ಕೋಪು ಅದನ್ನೂ ದಾಟಬೇಕು. ಅಲ್ಲಿ ಎತ್ತರ ಅನಿವಾರ್ಯ.

ಇದು ಲೋಹದ ಲೆಕ್ಕ. ಮುಖದ ಲೆಕ್ಕ ಇದಕ್ಕಿಂತ ದೊಡ್ಡದು. ಖಾಲಿ ಬಂದೂಕನ್ನು ಹೆಗಲಿಗೆ ಕೊಟ್ಟು ಕಣ್ಣು ಮುಚ್ಚು. ನಿದ್ದೆ ಬಂದವನು ದಿಂಬಿಗೆ ಒರಗುವ ಹಾಗೆ ಕೆನ್ನೆಯ ಮೂಳೆಯನ್ನು ಸ್ಟಾಕಿನ ಮೇಲೆ ಒರಗಿಸು. ಕತ್ತು ಸಡಿಲ ಬಿಡು. ಈಗ ಕಣ್ಣು ತೆರೆ. ಸ್ಕೋಪಿನೊಳಗೆ ಪೂರ್ತಿ ದುಂಡಗಿನ ಬೆಳಕು ಕಂಡರೆ ನಿನ್ನ ಎತ್ತರ ಸರಿಯಿದೆ. ಅಂಚಿನಲ್ಲಿ ಗ್ರಹಣ ಹಿಡಿದ ಹಾಗೆ ಕಪ್ಪು ಕಂಡರೆ, ಅದು ಹೋಗುವ ತನಕ ತಲೆ ಸರಿಸು. ತಲೆ ಎತ್ತಬೇಕಾಯಿತೋ, ಸ್ಕೋಪು ನಿನಗೆ ಎತ್ತರವಾಗಿದೆ. ಕೆನ್ನೆಯನ್ನು ಮರಕ್ಕೆ ಒತ್ತಿ ಅಮುಕಬೇಕಾಯಿತೋ, ತಗ್ಗಾಗಿದೆ. ಮುಂದಕ್ಕೋ ಹಿಂದಕ್ಕೋ ಹೋಗಬೇಕಾದರೆ ಅದು ಎತ್ತರದ ದೋಷವಲ್ಲ, ಸ್ಕೋಪನ್ನು ರಿಂಗಿನಲ್ಲಿ ಹಿಂದೆ ಮುಂದೆ ಸರಿಸಿದರೆ ಸರಿಹೋಗುತ್ತದೆ. ಕಣ್ಣಿಗೂ ಗಾಜಿಗೂ ಏಳರಿಂದ ಒಂಬತ್ತು ಸೆಂ.ಮೀ. ಇರಲಿ. ಇದನ್ನು ಒಂದೇ ಸಲ ಮಾಡಿ ತೀರ್ಮಾನಿಸಬೇಡ, ಹತ್ತು ಸಲ ಮಾಡು. ನಿನ್ನ ಮುಖ ಉದ್ದವೋ ಅಗಲವೋ, ಕತ್ತು ಗಿಡ್ಡವೋ ಅನ್ನುವುದು ಅಂಗಡಿಯವನಿಗೆ ಗೊತ್ತಿಲ್ಲ. ನಿನ್ನ ಗೆಳೆಯನಿಗೆ ಒಪ್ಪುವ ರಿಂಗು ನಿನಗೆ ಒಪ್ಪಬೇಕಾಗಿಲ್ಲ.

ಆಗಲೇ ಎತ್ತರದ ರಿಂಗಿಗೆ ದುಡ್ಡು ಸುರಿದಾಗಿದೆ, ಬದಲಿಸಲು ಕೈಯಲ್ಲಿ ಕಾಸಿಲ್ಲ ಅಂತಿಟ್ಟುಕೋ. ಆಗ ಸ್ಟಾಕನ್ನು ಎತ್ತರಿಸು. ನಾನು ಮಾಡಿದ್ದೂ ಹಾಗೇ. ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಕೆನ್ನೆ ಕೂರುವ ಜಾಗಕ್ಕೆ ಇಟ್ಟು, ಮೇಲೆ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿದೆ. ಒಂದು ಮಡಿಕೆ ಹೆಚ್ಚಾದಾಗ ಕಪ್ಪು ಒಂದು ಕಡೆ ಕಂಡಿತು, ಒಂದು ಮಡಿಕೆ ತೆಗೆದಾಗ ಇನ್ನೊಂದು ಕಡೆ. ಮೂರು ಮಡಿಕೆ, ಅದರ ಮೇಲೆ ಒಂದು ರಟ್ಟು, ಅಲ್ಲಿಗೆ ದುಂಡನೆಯ ಬೆಳಕು ಬಂತು. ಭಾವನನ್ನು ಕರೆದು ಬೆರಳು ತೂರಿಸಿ ನೋಡಿ ಅಂದೆ. ಉಗುರು ಕೂಡ ಹೋಗಲಿಲ್ಲ. ಆ ಸಾಯಂಕಾಲ ಹೊಡೆದ ಐದು ಗುಂಡಿನ ಕಾಗದ ಇನ್ನೂ ನನ್ನ ಬೀರುವಿನಲ್ಲಿದೆ, ಹುಣಸೆ ಬೀಜ ಇಟ್ಟರೆ ಮುಚ್ಚಿಹೋಗುವಷ್ಟೇ ತೂತು.

ದೊಡ್ಡವರು ಮಾಡುವುದೂ ಇದನ್ನೇ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದಾಗ ಅವರ ಬಂದೂಕಿಗೆ ಸ್ಕೋಪಿರಲಿಲ್ಲ. ಆ ಸ್ಪರ್ಧೆಯಲ್ಲಿ ದೊಡ್ಡದು ಮಾಡಿ ತೋರಿಸುವ ಗಾಜಿಗೆ ಅವಕಾಶವೇ ಇಲ್ಲ, ಸಣ್ಣ ತೂತಿನ ಸೈಟಿನಲ್ಲಿ ನೋಡಬೇಕು. ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. 2023ರಲ್ಲಿ ಚಾಂಗ್‌ವಾನ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದ ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ ಗುರಿ ಇಟ್ಟದ್ದೂ ಅಂಥದೇ ಚುಕ್ಕೆಗೆ. ಆ ಮಟ್ಟದ ಬಂದೂಕಿನ ಫೋಟೋ ಹುಡುಕಿ ನೋಡು. ಕೆನ್ನೆ ಇಡುವ ತುಂಡು ಬೇರೆಯಾಗಿಯೇ ಇರುತ್ತದೆ, ಸ್ಕ್ರೂ ತಿರುಗಿಸಿ ಮೇಲೆ ಕೆಳಗೆ, ಎಡ ಬಲ ಸರಿಸಬಹುದು. ಸೈಟಿನಷ್ಟೇ ಕಾಳಜಿಯನ್ನು ಅವರು ಆ ತುಂಡಿಗೂ ಕೊಡುತ್ತಾರೆ.

ನಿನ್ನದು ಬ್ಯಾರಲ್ ಮಡಿಚಿ ಲೋಡ್ ಮಾಡುವ ಸ್ಪ್ರಿಂಗ್ ಬಂದೂಕಾಗಿದ್ದರೆ ಇನ್ನೆರಡು ವಿಷಯ ಹೇಳಿಬಿಡುತ್ತೇನೆ. ಅದು ಹೊಡೆದಾಗ ಮೊದಲು ಹಿಂದಕ್ಕೆ ಒದ್ದು, ಒಳಗಿನ ಪಿಸ್ಟನ್ ತುದಿಗೆ ಬಡಿದ ಕ್ಷಣ ಮುಂದಕ್ಕೆ ಜಗ್ಗುತ್ತದೆ. ಆ ಜಗ್ಗಿಗೆ ಮೌಂಟು ರೈಲಿನ ಮೇಲೆ ಹಿಂದಕ್ಕೆ, ನಿನ್ನ ಕಡೆಗೆ, ಇಷ್ಟಿಷ್ಟೇ ಜಾರುತ್ತದೆ. ಮೌಂಟು ಎತ್ತರವಾದಷ್ಟೂ ಸ್ಕೋಪಿನ ತೂಕ ಅದನ್ನು ಹೆಚ್ಚು ಮೀಟುತ್ತದೆ. ರೈಲಿನ ಮೇಲೆ ಸಣ್ಣ ತೂತಿದ್ದರೆ ಸ್ಟಾಪ್ ಪಿನ್ ಇರುವ ಮೌಂಟು ಕೊಂಡು ಪಿನ್ನನ್ನು ಆ ತೂತಿಗೆ ಇಳಿಸು. ಪೆನ್ಸಿಲಿನಲ್ಲಿ ಮೌಂಟಿನ ಹಿಂದೆ ಒಂದು ಗೀಟು ಎಳೆದಿಡು, ಜಾರಿದರೆ ಗೊತ್ತಾಗುತ್ತದೆ. ಎರಡನೆಯದು, ಇಂಥ ಬಂದೂಕಿನ ಬ್ಯಾರಲ್ ಎಷ್ಟೋ ಸಲ ರೈಲಿಗಿಂತ ತುಸು ಕೆಳಕ್ಕೆ ಬಾಗಿರುತ್ತದೆ. ಸ್ಕೋಪಿನ ತಿರುಪು ಕೊನೆ ಮುಟ್ಟಿದರೂ ಗುಂಡು ಕೆಳಗೇ ಬೀಳುತ್ತಿದ್ದರೆ ಎರಡೂ ರಿಂಗನ್ನು ಎತ್ತರಿಸಿ ಪ್ರಯೋಜನವಿಲ್ಲ. ಹಿಂದಿನ ರಿಂಗಿನಲ್ಲಿ ಮಾತ್ರ ಕೊಳವೆಯ ಕೆಳಗೆ ಒಂದು ತೆಳುವಾದ ಫಿಲಂ ಚೂರು ಇಟ್ಟು ನೋಡು. ಹೆಚ್ಚು ಇಡಬೇಡ, ಕೊಳವೆ ಬಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಕೇಳಲೇಬೇಕು. ಸರಿಯಾಗಿ ಕೂತ ಆ ಸ್ಕೋಪಿನಲ್ಲಿ ನೀನು ನೋಡುವುದೇನನ್ನು?

ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿ ತೋಟಗಳಿವೆ. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಇಲ್ಲಿಯದು. ಹಣ್ಣಾಗುವ ಕಾಲಕ್ಕೆ ಗಿಳಿ, ಗೊರವಂಕ ಇಳಿಯುತ್ತವೆ. ರೈತನ ಹೊಟ್ಟೆ ಉರಿಯುವುದು ನಿಜ, ನಾನೂ ತೋಟದವನೇ. ಆದರೂ ಹಕ್ಕಿಗೆ ಏರ್ ಗನ್ ಹಿಡಿಯುವುದನ್ನು ನಾನು ಒಪ್ಪಲಾರೆ, ಕಾನೂನೂ ಒಪ್ಪುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಬೋರು 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ದಾಟದ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡ ಅಂದರೆ ಬೇಟೆಗೆ ಅಪ್ಪಣೆ ಅಂತ ಅರ್ಥವಲ್ಲ. ಗಿಳಿಯನ್ನೋ ನವಿಲನ್ನೋ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅಪರಾಧ. ತೋಟಕ್ಕೆ ಬಲೆ ಕಟ್ಟಿಸು, ಮಿರುಗುವ ಟೇಪು ಎಳೆ. ದೂರದ ಅರುಣಾಚಲ ಪ್ರದೇಶದಲ್ಲಿ 2021ರ ಮಾರ್ಚಿನಲ್ಲಿ ಲುಮ್‌ಡುಂಗ್ ಎಂಬ ಊರಿನಿಂದ ಏರ್ ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಕಾಡಿನ ಹಕ್ಕಿಗಳು ಉಳಿಯಲಿ ಅಂತ ಜನ ತಾವಾಗಿ ತಂದು ಬಂದೂಕು ಒಪ್ಪಿಸಿದರು. ನಿನ್ನ ಬಂದೂಕು ಒಪ್ಪಿಸು ಅಂತ ನಾನು ಹೇಳುತ್ತಿಲ್ಲ. ಅದರ ಮುಂದೆ ಕಾಗದ ಇರಲಿ ಅನ್ನುತ್ತಿದ್ದೇನೆ.

ಕಾಗದದ ಹಿಂದೆ ಏನಿದೆ ಅನ್ನುವುದೂ ಮುಖ್ಯ. ಪೆಲೆಟ್ ಸಣ್ಣದು ಅಂತ ಹಗುರವಾಗಿ ನೋಡಬೇಡ, ಬಯಲಿನಲ್ಲಿ ನೂರಾರು ಮೀಟರ್ ಹೋಗುತ್ತದೆ, ಒಂದು ಕಣ್ಣು ತೆಗೆಯಲು ಅಷ್ಟು ಸಾಕು. ನಮ್ಮೂರುಗಳಲ್ಲಿ ಬೇಲಿಯಾಚೆ ದನ ಮೇಯಿಸುವವರಿರುತ್ತಾರೆ, ಮಕ್ಕಳಿರುತ್ತಾರೆ. ಬೋರ್‌ವೆಲ್ ಕೊರೆಸಿದಾಗ ಬಿದ್ದ ಕಲ್ಲುಪುಡಿ ಯಾವುದಾದರೂ ತೋಟದ ಮೂಲೆಯಲ್ಲಿ ಗುಡ್ಡೆ ಬಿದ್ದಿರುತ್ತದೆ. ಆರು ಗೋಣಿಚೀಲಕ್ಕೆ ತುಂಬಿ ಎದೆ ಮಟ್ಟ ಪೇರಿಸು. ಅದರ ಮುಂದೆ ರಟ್ಟಿನ ಪೆಟ್ಟಿಗೆ, ರಟ್ಟಿನ ಮೇಲೆ ಕಾಗದ. ಬಂಡೆಗೂ ತಗಡಿಗೂ ಹೊಡೆಯಬೇಡ, ಚೂರು ವಾಪಸ್ಸು ಬರುತ್ತದೆ.

ಸ್ಕೋಪನ್ನು ಇನ್ನೂ ಮಾರಿರದಿದ್ದರೆ ಮಾರುವ ಮುಂಚೆ ಒಂದು ಭಾನುವಾರ ಕೊಡು ತಮ್ಮಾ. ಬಂದೂಕು ಖಾಲಿ ಮಾಡಿ, ಕಣ್ಣು ಮುಚ್ಚಿ ಕೆನ್ನೆ ಒರಗಿಸು. ಆ ಗೆಳೆಯನನ್ನೇ ಕರೆದು, ಕೆನ್ನೆಯ ಕೆಳಗೆ ಎರಡು ಬೆರಳು ತೂರುತ್ತವಾ ನೋಡೋ ಅನ್ನು. ತೂರಿದರೆ ಹಳೇ ಪಂಚೆ ಹುಡುಕು.

ಇಂತಿ,
ನಿನ್ನ ತಾಲ್ಲೂಕಿನವನೇ ಆದ ಒಬ್ಬ ಅಣ್ಣ